ಹಿತ್ತಲಲ್ಲಿ ಬಹುಕಾಲ ನಿಲ್ಲುವ ಗಿಡಮರಗಳು



ಈ ಹೊತ್ತು ಹೊಲದ ಮಾತು ಬೇಡ. ಹಿತ್ತಲ ಬಾಗಿಲು ತೆರೆದು ಆಚೆಗೆ ಬನ್ನಿ. ಬಚ್ಚಲ ನೀರು ಹರಿದು ನಿಲ್ಲುವ ಗುಂಡಿ, ಸೌದೆ ಒಟ್ಟಿದ ಮೂಲೆ, ಬಟ್ಟೆ ಒಣಹಾಕುವ ಹಗ್ಗ, ಇಷ್ಟು ನಮ್ಮ ಬಯಲುಸೀಮೆಯ ಮನೆಗಳಲ್ಲಿ ಇದ್ದೇ ಇರುತ್ತವೆ. ಮಿಕ್ಕ ಜಾಗದಲ್ಲಿ ಏನನ್ನು ನೆಡಬೇಕು ಎಂಬುದೇ ಇಂದಿನ ವಿಚಾರ. ಬದನೆ, ಬೆಂಡೆ, ದಂಟಿನ ಸೊಪ್ಪಿನ ಮಾತನ್ನು ನಾನು ಎತ್ತುವುದಿಲ್ಲ. ಅವುಗಳಲ್ಲಿ ತಪ್ಪಾದರೆ ಮೂರು ತಿಂಗಳಿಗೆ ಕಿತ್ತು ಬೇರೆ ಹಾಕಬಹುದು. ವರ್ಷಗಟ್ಟಲೆ ನಿಲ್ಲುವ ಮರ, ಪೊದೆಗಳಲ್ಲಿ ಹಾಗಲ್ಲ. ಅಲ್ಲಿ ಆದ ತಪ್ಪು ಗೊತ್ತಾಗುವುದೇ ಏಳೆಂಟು ವರ್ಷದ ಮೇಲೆ.

ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. ನಮ್ಮ ತಾಯಿ ಒಂದು ಹಲಸಿನ ಬೀಜವನ್ನು ಅಡಿಗೆಮನೆ ಗೋಡೆಯಿಂದ ನಾಲ್ಕೇ ಅಡಿ ದೂರದಲ್ಲಿ ಊರಿದರು. ನೀರು ಹೊಯ್ಯಲು ಹತ್ತಿರವಾಗಲಿ ಎಂದು. ಎಂಟನೆಯ ವರ್ಷ ಮೊದಲ ಹಣ್ಣು ಬಂತು, ಊರಿಗೆಲ್ಲ ತೊಳೆ ಹಂಚಿದೆವು. ಹನ್ನೊಂದನೆಯ ವರ್ಷ ಗೋಡೆ ಬಿರುಕು ಬಿಟ್ಟಿತು. ಕೊಂಬೆ ಉಜ್ಜಿ ಹೆಂಚು ಸರಿದು ಮಳೆಯ ನೀರು ಒಲೆಯ ಮೇಲೇ ಸೋರಿತು. ಫಲ ಕೊಡುತ್ತಿದ್ದ ಮರವನ್ನು ಕಡಿಸಬೇಕಾಯಿತು. ಕಡಿಸಿದ ದಿನ ಅಮ್ಮ ಹಿತ್ತಲಿಗೆ ಬರಲೇ ಇಲ್ಲ. ಇಪ್ಪತ್ತು ಅಡಿ ಆಚೆಗೆ ಊರಿದ್ದರೆ ಆ ಮರ ಇಂದಿಗೂ ನಿಂತಿರುತ್ತಿತ್ತು.

ಆದ್ದರಿಂದ ಯಾವ ಸಸಿ ತರೋಣ ಎಂದು ಕೇಳುವ ಮೊದಲು ಜಾಗವನ್ನು ನೋಡಿರಿ. ನಿಮ್ಮ ಹಿತ್ತಲು ಮೂವತ್ತು ಅಡಿ ಉದ್ದಗಲಕ್ಕಿಂತ ಕಿರಿದಾಗಿದ್ದರೆ ಮಾವು, ಹಲಸು, ತೆಂಗಿನ ಆಸೆ ಬಿಟ್ಟುಬಿಡಿ. ಕೇಳಲು ಕಷ್ಟವೇ, ಆದರೆ ತೆಂಗಿನ ಕಾಯಿ, ಗರಿ ಬೀಳುವುದು ಮಕ್ಕಳು ಆಡುವ ಜಾಗದಲ್ಲೇ. ಅವನ್ನು ಹೊಲದ ಬದುವಿಗೆ ಹಾಕಿಕೊಳ್ಳಿ. ಜಾಗವಿದ್ದವರು ಒಂದು ದೊಡ್ಡ ಮರ ಇಟ್ಟುಕೊಳ್ಳಬಹುದು. ಹಲಸೇ ಬೇಕೆಂದರೆ ಬೀಜದ ಗಿಡಕ್ಕಿಂತ ಕಸಿ ಗಿಡ ಮೇಲು. ಬೇಗ ಫಲಕ್ಕೆ ಬರುತ್ತದೆ, ಹಣ್ಣು ಹೇಗಿರುತ್ತದೆಂಬುದೂ ಮೊದಲೇ ಗೊತ್ತಿರುತ್ತದೆ. ತುಮಕೂರು ಜಿಲ್ಲೆಯ ಚೇಳೂರಿನ ರೈತರೊಬ್ಬರ ಮರದಿಂದ ಬಂದ ಸಿದ್ದು ಹಲಸು ಎಂಬುದಿದೆ. ಹಣ್ಣು ಎರಡೂವರೆ ಕಿಲೋ ಆಸುಪಾಸು, ತೊಳೆ ಕೆಂಪು. ಒಂದು ಸಂಸಾರ ಒಂದೇ ಹೊತ್ತಿಗೆ ತಿಂದು ಮುಗಿಸಬಹುದು.

ಎತ್ತರದ ಮರ ಯಾವ ದಿಕ್ಕಿಗಿರಬೇಕು? ನಮ್ಮ ಸೀಮೆಯಲ್ಲಿ ವರ್ಷದ ಹೆಚ್ಚು ತಿಂಗಳು ಸೂರ್ಯ ದಕ್ಷಿಣಕ್ಕೆ ವಾಲಿಯೇ ನಡೆಯುತ್ತಾನೆ. ದಕ್ಷಿಣದ ಅಂಚಿನಲ್ಲಿ ದೊಡ್ಡ ಮರವಿದ್ದರೆ ಚಳಿಗಾಲವಿಡೀ ನಿಮ್ಮ ತರಕಾರಿ ಮಡಿಗಳು ನೆರಳಿನಲ್ಲಿ ಕೂರುತ್ತವೆ. ಉತ್ತರಕ್ಕೋ ಪಶ್ಚಿಮಕ್ಕೋ ಇಡಿ. ಪಶ್ಚಿಮಕ್ಕಿದ್ದರೆ ಬೇಸಿಗೆಯ ಇಳಿಬಿಸಿಲನ್ನು ತಡೆಯುತ್ತದೆ. ಆಲ, ಅರಳಿ, ಅತ್ತಿಯ ಸಸಿ ಗೋಡೆಯಲ್ಲೋ ಬಾವಿಯ ಕಲ್ಲುಸಂದಿಯಲ್ಲೋ ಹುಟ್ಟಿದರೆ ಎಳೆಯದಿರುವಾಗಲೇ ಕಿತ್ತುಬಿಡಿ.

ಇನ್ನು ನೀರು. ಬಚ್ಚಲ ನೀರನ್ನು ಕಂಡರೆ ನಮಗೆಲ್ಲ ನಿಂಬೆಯ ಆಸೆ. ನಾನೂ ಹಾಗೇ ಮಾಡಿ ಎರಡು ನಿಂಬೆಗಿಡ ಕಳೆದುಕೊಂಡೆ. ಬುಡದಲ್ಲಿ ನೀರು ನಿಂತರೆ ನಿಂಬೆಯ ತೊಗಟೆ ಕೊಳೆತು ಅಂಟು ಸೋರುತ್ತದೆ, ಗಿಡ ನಿಂತಲ್ಲೇ ಒಣಗುತ್ತದೆ. ಪಪ್ಪಾಯಿಯಂತೂ ನಿಂತ ನೀರಿನಲ್ಲಿ ಎರಡು ಮೂರು ದಿನ ತಡೆದರೆ ಹೆಚ್ಚು. ಬಚ್ಚಲ ನೀರಿಗೆ ಸರಿಯಾದವು ಬಾಳೆ ಮತ್ತು ಕೆಸು. ಬಾಳೆಯನ್ನು ಹಿಂಡಾಗಿ ಬೆಳೆಯಬಿಡಬೇಡಿ. ತಾಯಿಗಿಡಕ್ಕೆ ಒಂದೇ ಮರಿ ಬಿಟ್ಟು ಮಿಕ್ಕವನ್ನು ತೆಗೆಯಿರಿ. ನೀರು ಗುಂಡಿಯಲ್ಲಿ ಮಡುಗಟ್ಟಿದರೆ ಸೊಳ್ಳೆಯ ಕಾಟ; ಸಣ್ಣ ಕಾಲುವೆ ಮಾಡಿ, ಆಗಾಗ್ಗೆ ದಾರಿ ಬದಲಿಸಿ ಹರಿಸಿರಿ. ನಿಂಬೆಯನ್ನು ದಿಬ್ಬದ ಕಡೆ ಹಾಕಿ. ಬುಡಕ್ಕೆ ಮಣ್ಣು ಏರಿಸಿ, ಬುಡದಿಂದ ಎರಡಡಿ ಆಚೆಗೆ ಪಾತಿ ಮಾಡಿ ಅಲ್ಲಿ ನೀರು ಕೊಡಿ.

ನುಗ್ಗೆಯ ಮಾತು ಬಂತು. ಮನೆ ಹತ್ತಿರ ನುಗ್ಗೆ ಬೇಡ ಎಂದು ಹಿರಿಯರು ಹೇಳುವುದುಂಟು. ಅದು ಅಪಶಕುನದ ಮಾತಲ್ಲ ಅಂತ ನನ್ನ ಎಣಿಕೆ. ಮುಂಗಾರು ಗಾಳಿಗೆ ಅದರ ಕೊಂಬೆ ಲಟಕ್ಕನೆ ಮುರಿಯುತ್ತದೆ. ಮಳೆಗಾಲದಲ್ಲಿ ಕಾಂಡದ ಮೇಲೆ ಕಂಬಳಿಹುಳು ಹಿಂಡುಹಿಂಡಾಗಿ ಕೂರುತ್ತದೆ, ತಾಗಿದರೆ ಮೈಯೆಲ್ಲ ತುರಿಕೆ. ಆದ್ದರಿಂದ ಹೆಂಚಿನಿಂದ ದೂರ, ಬಟ್ಟೆ ಹಗ್ಗದಿಂದ ದೂರ ಇರಲಿ. ಆದರೆ ಹಿತ್ತಲಲ್ಲಿ ನುಗ್ಗೆ ಇರಲೇಬೇಕು. ಕಾಯಿಗಿಂತ ಸೊಪ್ಪಿಗಾಗಿ. ಬಸುರಿ ಬಾಣಂತಿಯರಿಗೆ, ಎಳೆ ಮಕ್ಕಳಿಗೆ ಇಷ್ಟು ಸುಲಭದಲ್ಲಿ ಸಿಗುವ ಸತ್ವದ ಸೊಪ್ಪು ಮತ್ತೊಂದು ಕಡಿಮೆ. ತಮಿಳುನಾಡಿನ ಪೆರಿಯಕುಲಮ್‌ನಿಂದ ಬಂದ ಪಿ.ಕೆ.ಎಂ.-1 ತಳಿಯನ್ನು ಬೀಜದಿಂದಲೇ ಬೆಳೆಯಬಹುದು, ವರ್ಷದೊಳಗೆ ಕಾಯಿ ಬಿಡುತ್ತದೆ. ಕೊಯ್ಲಾದ ಮೇಲೆ ನೆಲದಿಂದ ಮೂರಡಿ ಬಿಟ್ಟು ಕಡಿದರೆ ಮತ್ತೆ ಚಿಗುರುತ್ತದೆ. ಸೊಪ್ಪು ಕೈಗೆಟುಕುತ್ತದೆ, ಗಾಳಿಯ ಭಯವೂ ಕಡಿಮೆ.

ಪೊದೆಗಿಡಗಳಲ್ಲಿ ಕರಿಬೇವಿಗೆ ಮೊದಲ ಮಣೆ. ಕಪ್ಪಗೆ ಹಣ್ಣಾದ ಬೀಜವನ್ನು ತಿರುಳು ತೊಳೆದು ಕೂಡಲೇ ಬಿತ್ತಿರಿ. ಒಣಗಿಸಿ ಇಟ್ಟರೆ ಹುಟ್ಟುವುದಿಲ್ಲ. ಮೊಣಕಾಲೆತ್ತರ ಬಂದಾಗ ತುದಿ ಚಿವುಟಿದರೆ ಪೊದೆ ಕಟ್ಟುತ್ತದೆ. ಕರಿಬೇವು, ನಿಂಬೆ ಎರಡಕ್ಕೂ ಒಂದೇ ಚಿಟ್ಟೆಯ ಹುಳು ಬೀಳುತ್ತದೆ, ಎಳೆಯದರಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ. ಬೆಳಗ್ಗೆ ಕೈಯಿಂದಲೇ ಆರಿಸಿ ತೆಗೆಯಿರಿ. ಒಗ್ಗರಣೆಗೆ ಹಾಕುವ ಎಲೆಗೆ ವಿಷದ ಔಷಧಿ ಹೊಡೆಯುವುದು ಬೇಡ. ಚಕ್ರಮುನಿಯ ಕಡ್ಡಿ ಊರಿದರೆ ವರ್ಷಗಟ್ಟಲೆ ಸೊಪ್ಪು ಸಿಗುತ್ತದೆ. ಬೇಯಿಸಿ, ಮಿತವಾಗಿ ತಿನ್ನಿ. 1990ರ ದಶಕದ ನಡುವಿನಲ್ಲಿ ತೈವಾನ್ ದೇಶದಲ್ಲಿ ಮೈ ಕರಗಿಸಲೆಂದು ಇದರ ಹಸಿ ರಸವನ್ನು ದಿನವೂ ಕುಡಿದವರಲ್ಲಿ ಹಲವರಿಗೆ ಶ್ವಾಸಕೋಶವೇ ಕೆಟ್ಟಿತು.

ಪೂಜೆಗೆ ಹೂವು ಬೇಡವೇ ಎನ್ನುತ್ತೀರಿ. ದಾಸವಾಳ, ಮಲ್ಲಿಗೆ ಹಾಕಿ. ಕಣಗಿಲೆ ಮಾತ್ರ ದನ ಕಟ್ಟುವ ಹಿತ್ತಲಿಗೆ ಬೇಡ, ಅದರ ಎಲೆ, ಕಡ್ಡಿ, ಹೂ ಎಲ್ಲವೂ ವಿಷ. ಬೇಲಿಗೆ ಆಡುಸೋಗೆ ಒಳ್ಳೆಯದು, ಆಡು ಮುಟ್ಟುವುದಿಲ್ಲ.

ಗುಂಡಿಯನ್ನು ಏಪ್ರಿಲ್, ಮೇ ತಿಂಗಳಲ್ಲೇ ತೆಗೆದು ಬಿಸಿಲಿಗೆ ಬಿಡಿ. ದೊಡ್ಡ ಮರಕ್ಕೆ ಮೂರಡಿ, ಸಣ್ಣವಕ್ಕೆ ಎರಡಡಿ ಸಾಕು. ಮೇಲುಮಣ್ಣನ್ನು ಬೇರೆ ಇಟ್ಟು, ಕಳಿತ ಗೊಬ್ಬರ ಬೆರೆಸಿ ತುಂಬಿ, ಜೂನಿನಲ್ಲಿ ಮಳೆ ಹಿಡಿದ ಮೇಲೆ ನೆಡಿರಿ. ಕಸಿ ಗಂಟು ಮಣ್ಣಿನಿಂದ ಮೇಲಿರಲಿ. ಗಂಟಿನ ಕೆಳಗೆ ಬಂದ ಚಿಗುರನ್ನು ಚಿವುಟಿ. ಅದಕ್ಕೂ ಮೊದಲು, ಗುದ್ದಲಿ ಹಿಡಿಯುವ ಮುನ್ನ, ಗಿಡ ಬರುವ ಕಡೆ ಒಂದೊಂದು ಗೂಟ ನೆಟ್ಟು ನಾಲ್ಕು ದಿನ ಬಿಡಿ. ನೀರು ಹೊರುವವರು, ಬಟ್ಟೆ ಒಣಹಾಕುವವರು ಆ ಗೂಟಗಳ ನಡುವೆ ಓಡಾಡಲಿ. ಎಲ್ಲಿ ಎಡವುತ್ತಾರೋ ಅಲ್ಲಿಯ ಗೂಟವನ್ನು ಕಿತ್ತು ಬೇರೆಡೆ ನೆಡಿ.