ಹೆಗ್ಗೋಡಿನಲ್ಲಿ ಒಂದು ವಾರ
(ಮಹೋತ್ಸವದ ಪೂರ್ವಭಾವಿ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ನನಗೆ ಅಪ್ಪಣೆಯಾಗಿರುವ ವಿಷಯವನ್ನು ಅರಿಕೆ ಮಾಡಿಕೊಳ್ಳುವೆನು. ವಿಷಯವೇನೋ ನನ್ನಂಥವನಿಗೆ ಒಗ್ಗತಕ್ಕುದಲ್ಲ. ಷಟ್‌ಸ್ಥಲವನ್ನು ಕುರಿತೋ ವ್ಯಾಕರಣವನ್ನು ಕುರಿತೋ ಮಾತನಾಡೆಂದಿದ್ದರೆ ಮೂವತ್ತು ವರ್ಷ ಪಾಠ ಹೇಳಿದ ಬಾಯಿ ತಾನಾಗಿಯೇ ನಡೆಯುತ್ತಿತ್ತು. ಆದರೆ ಈ ಮಹೋತ್ಸವದ ಅಂಗವಾಗಿ ಮಠದ ಅಂಗಳದಲ್ಲಿ ಏಳು ಸಂಜೆ ನಾಟಕಗಳನ್ನೂ ಚಲಚ್ಚಿತ್ರಗಳನ್ನೂ ಏರ್ಪಡಿಸಬಹುದೇ ಎಂಬ ಪ್ರಶ್ನೆಯು ಭಕ್ತಮಂಡಲಿಯಲ್ಲಿ ಎದ್ದು, ಕೆಲವರು ಆಗಬೇಕೆಂದೂ ಕೆಲವರು ಅದು ಮಠಕ್ಕೆ ತಕ್ಕುದಲ್ಲವೆಂದೂ ವಾದಿಸಿ, ಮಾತು ಶ್ರೀಗಳವರ ತನಕ ಹೋಯಿತು. ಇಂಥ ವಾರವೊಂದನ್ನು ಕಣ್ಣಾರೆ ಕಂಡು ಬಂದವನು ನಮ್ಮಲ್ಲಿ ನಾನೊಬ್ಬನೇ ಆದುದರಿಂದ, ಕಂಡುದನ್ನು ಕಂಡಂತೆ ಹೇಳೆಂದು ಅಪ್ಪಣೆಯಾಯಿತು.

ನಾನು ಕಂಡುದು ಹೆಗ್ಗೋಡಿನಲ್ಲಿ. ಶಿವಮೊಗ್ಗೆ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ, ಅಡಕೆಯ ತೋಟಗಳ ನಡುವೆ ಇರುವ ಚಿಕ್ಕ ಗ್ರಾಮವದು. ಅಲ್ಲಿಯ ಜನರು 1949ರಲ್ಲಿ ತಮ್ಮ ಗ್ರಾಮದೇವತೆಯ ಹೆಸರಿನಿಂದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದರು. ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ನೀನಾಸಂ ಎಂದು ಕರೆಯುವರು. ಅದಕ್ಕೆ ಜೀವಾಳವಾಗಿದ್ದವರು 2005ರಲ್ಲಿ ಕಾಲವಾದ ಶ್ರೀ ಕೆ. ವಿ. ಸುಬ್ಬಣ್ಣನವರು. ಊರಿನ ಹವ್ಯಾಸಿಗಳ ಆಟವಾಗಿ ಮೊದಲಾದುದು ಬೆಳೆಯುತ್ತ ಬಂದು, ಶಿವರಾಮ ಕಾರಂತರ ಹೆಸರಿನ ರಂಗಮಂದಿರವಾಯಿತು, 1973ರಲ್ಲಿ ಚಿತ್ರಸಮಾಜವಾಯಿತು, 1980ರಲ್ಲಿ ನಾಟಕವನ್ನು ಕಲಿಸುವ ಶಾಲೆಯಾಯಿತು, 1985ರಿಂದ ತಿರುಗಾಟವೆಂಬ ಸಂಚಾರಿ ಮೇಳವಾಗಿ ನಾಡಿನ ಊರೂರಿಗೆ ಹೊರಟಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ಬಂದುದನ್ನು ಬಹುಮಂದಿ ಬಲ್ಲರು. ಅಲ್ಲಿ ವರ್ಷವರ್ಷವೂ ಮಳೆಗಾಲ ಮುಗಿಯುವ ವೇಳೆಗೆ ಸಂಸ್ಕೃತಿ ಶಿಬಿರವೆಂಬ ಕೂಟವು ನಡೆಯುತ್ತ ಬಂದಿದೆ. ಅಂಥ ಒಂದು ವಾರ ನಾನು ಅಲ್ಲಿದ್ದೆನು. ಸಂತೋಷದಿಂದ ಹೋದವನಲ್ಲ. ಆ ಸೀಮೆಯ ಭಕ್ತರೊಬ್ಬರು ತಾವೇ ಹೆಸರು ಬರೆಸಿ, ಬಸ್ಸಿನ ಟಿಕೀಟನ್ನೂ ಕೈಯಲ್ಲಿಟ್ಟು ನನ್ನನ್ನು ಹೊರಡಿಸಿದರು.

ಅಲ್ಲಿಯ ಸಂಗತಿಯನ್ನು ಹೇಳುವುದಕ್ಕೆ ಮುಂಚೆ ನನ್ನದೊಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಇಪ್ಪತ್ತು ವರ್ಷಗಳಿಗೂ ಹಿಂದೆ ನಾನು ಬೇರೊಂದು ಊರಿನ ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಹೇಳುತ್ತಿದ್ದೆನು. ವಿದ್ಯಾರ್ಥಿಗಳು ನಾಟಕ ಸಿನೇಮಾಗಳಿಗೆ ಹೋಗಕೂಡದೆಂದು ಅಲ್ಲಿ ನಿಯಮವಿದ್ದಿತು. ಒಬ್ಬ ಹುಡುಗನ ಅಮರಕೋಶದ ನಡುವೆ ನಾಟಕದ ಟಿಕೀಟಿನ ಚೂರು ನನಗೆ ಸಿಕ್ಕಿತು. ಪೇಟೆಗೆ ಬಂದಿದ್ದ ತಿರುಗಾಟದ ಆಟಕ್ಕೆ ಅವನು ರಾತ್ರಿ ಗೋಡೆ ಹಾರಿ ಹೋಗಿದ್ದನು. ಕರೆದು ಕೇಳಿದೆನು. ಅವನು ಸುಳ್ಳು ಹೇಳಲಿಲ್ಲ. “ಹೋಗಿದ್ದೆ, ಗುರುಗಳೇ. ಅಲ್ಲಿ ನನಗೆ ಅಳು ಬಂತು. ಅದು ಶೋಕವೋ ಕರುಣರಸವೋ, ತಿಳಿಯಲಿಲ್ಲ. ನಿಮ್ಮನ್ನೇ ಕೇಳಬೇಕೆಂದಿದ್ದೆ” ಎಂದನು. ನಾನು ಅದನ್ನು ಉದ್ಧಟತನವೆಂದು ಬಗೆದು ಮೇಲಿನವರಿಗೆ ತಿಳಿಸಿದೆನು. ಮೂರನೆಯ ದಿನ ಅವನ ತಂದೆ ಬಂದು, ಟ್ರಂಕನ್ನು ಹೆಗಲಿಗೇರಿಸಿಕೊಂಡು, ಮಗನನ್ನು ಕರೆದುಕೊಂಡು ಹೋದನು. ಆ ಹುಡುಗನು ಮತ್ತೆ ಯಾವ ಪಾಠಶಾಲೆಗೂ ಸೇರಲಿಲ್ಲವೆಂದು ಆಮೇಲೆ ಕೇಳಿದೆನು.

ಶಾಸ್ತ್ರವನ್ನು ಬಲ್ಲವರಿಗೆ ಆ ಪ್ರಶ್ನೆಯ ತೂಕ ಗೊತ್ತು. ಲೋಕದ ಶೋಕವು ರಂಗದಲ್ಲಿ ಕರುಣರಸವಾಗುವುದು ಹೇಗೆ, ದುಃಖವನ್ನು ಕಂಡೂ ಸಹೃದಯನು ಎದ್ದು ಹೋಗದೆ ಮತ್ತೆ ಮತ್ತೆ ಬರುವುದೇಕೆ ಎಂಬುದೇ ಅಭಿನವಗುಪ್ತಾದಿಗಳು ಪುಟಗಟ್ಟಲೆ ಬರೆದ ವಿಚಾರ. ನಾನು ಆ ಪುಟಗಳನ್ನು ಬಾಯಿಪಾಠ ಮಾಡಿಸುತ್ತಿದ್ದವನು. ಅದೇ ಪ್ರಶ್ನೆ ಬದುಕಿದ ಹುಡುಗನ ಬಾಯಿಂದ ಬಂದಾಗ ಅದರ ಗುರುತೇ ನನಗೆ ಹತ್ತಲಿಲ್ಲ. ಕಾರಣವು ಸ್ಪಷ್ಟವಾಗಿದೆ, ನಾನು ಅದುವರೆಗೆ ಒಂದು ನಾಟಕವನ್ನೂ ನೋಡಿರಲಿಲ್ಲ. ಭರತಮುನಿಯು ಮೊದಲನೆಯ ಅಧ್ಯಾಯದಲ್ಲಿಯೇ, ಕಣ್ಣಿಗೂ ಕಿವಿಗೂ ಎಟಕುವ ಆಟದ ವಸ್ತುವೊಂದನ್ನು ದೇವತೆಗಳು ಬ್ರಹ್ಮನಲ್ಲಿ ಬೇಡಿದರೆಂದು ಹೇಳಿರುವನು. ನಾಲ್ಕನೆಯದರಲ್ಲಿ ತ್ರಿಪುರದಾಹವೆಂಬ ರೂಪಕವನ್ನು ಸಾಕ್ಷಾತ್ ಶಿವನೇ ಕುಳಿತು ನೋಡಿ, ಮೆಚ್ಚಿ, ಅದಕ್ಕೆ ನೃತ್ಯವನ್ನೂ ಕೂಡಿಸಿರೆಂದು ತಂಡುವಿನಿಂದ ಪಾಠ ಹೇಳಿಸಿದನು. ಶಿವನು ನೋಡಿದನು, ನಾನು ಮಾತ್ರ ನೋಡಲೊಲ್ಲೆನೆಂದು ಕುಳಿತಿದ್ದೆನು!

ಹೆಗ್ಗೋಡಿನ ವಾರದ ಕ್ರಮವು ಸರಳವಾದುದು. ಹಗಲಿನಲ್ಲಿ ಉಪನ್ಯಾಸ, ಚರ್ಚೆ, ಚಲಚ್ಚಿತ್ರಗಳು. ಸಂಜೆ ನಾಟಕ ಅಥವಾ ಗಾಯನ. ಹಿಂದಿನ ದಿನ ನೋಡಿದುದನ್ನು ಕುರಿತು ಮರುದಿನ ಮಾತು. ನಾನು ಬೆಳಗಿನ ಲಿಂಗಪೂಜೆಯನ್ನು ಮುಗಿಸಿಕೊಂಡು ಹೋಗುವಷ್ಟರಲ್ಲಿ ಮೇಷ್ಟರುಗಳು, ಬ್ಯಾಂಕಿನ ಗುಮಾಸ್ತರು, ಕಾಲೇಜಿನ ಹೆಣ್ಣುಮಕ್ಕಳು, ಮಲೆನಾಡಿನ ತೋಟಗಾರರು ಒಟ್ಟಿಗೆ ಕುಳಿತಿರುತ್ತಿದ್ದರು. ಸಂಜೆಯ ನಾಟಕಕ್ಕಂತೂ ಸುತ್ತಲಿನ ಹಳ್ಳಿಗರು ಮಕ್ಕಳುಮರಿಗಳೊಡನೆ ಬರುತ್ತಿದ್ದರು. ಮೊದಲೆರಡು ದಿನಗಳ ಉಪನ್ಯಾಸಗಳಲ್ಲಿ ಕೆಲವು ನನಗೆ ಹಿಡಿಸಲಿಲ್ಲ. ಪಶ್ಚಿಮದ ಪಂಡಿತರ ಹೆಸರುಗಳನ್ನು ಮಂತ್ರಪುಷ್ಪದಂತೆ ಉದುರಿಸುವುದು ಅಲ್ಲಿಯೂ ಇದೆ.

ಆ ವಾರ ನಾನು ಕಂಡ ರಂಗಪ್ರಯೋಗಗಳಲ್ಲಿ ಭಾಸನ ಊರುಭಂಗವು ಒಂದು. ತಿರುವನಂತಪುರದಲ್ಲಿ ಗಣಪತಿ ಶಾಸ್ತ್ರಿಗಳು 1912ರಿಂದ ಅಚ್ಚು ಹಾಕಿಸಿದ ಭಾಸನಾಟಕಗಳಲ್ಲಿ ಅದು ಸೇರಿದೆ. ನಾನು ಅದನ್ನು ಪರೀಕ್ಷೆಗಾಗಿ ಓದಿದ್ದೆನು, ಹತ್ತಾರು ಸಲ ಪಾಠವನ್ನೂ ಹೇಳಿದ್ದೆನು. ರಂಗದ ಮೇಲೆ ಮರಣವನ್ನು ಪ್ರತ್ಯಕ್ಷವಾಗಿ ತೋರಿಸಲಾಗದೆಂಬ ನಿಯಮವನ್ನು ಭಾಸನು ಮುರಿದಿರುವನೆಂದು ಅದಕ್ಕೆ ಒಂದು ಟಿಪ್ಪಣಿಯನ್ನು ಬರೆಯಿಸುವುದು ನನ್ನ ವಾಡಿಕೆ. ಅಂದು ರಂಗದಲ್ಲಿ ತೊಡೆ ಮುರಿದ ದುರ್ಯೋಧನನು ನೆಲದ ಮೇಲೆ ಬಿದ್ದಿದ್ದನು. ಚಿಕ್ಕ ಮಗ ದುರ್ಜಯನು ಓಡಿ ಬಂದು ಎಂದಿನಂತೆ ತಂದೆಯ ತೊಡೆಯ ಮೇಲೆ ಕೂಡಲು ಹೋದನು. ತಂದೆ ಬೇಡವೆಂದು ತಡೆದನು. ಮಗುವಿಗೆ ಕಾರಣ ತಿಳಿಯದು. ನನ್ನ ಪಕ್ಕದಲ್ಲಿ ಕುಳಿತಿದ್ದ ಹಳ್ಳಿಯ ಮುದುಕಿಯೊಬ್ಬಳು “ಅಯ್ಯೋ, ಕೂಸೇ” ಎಂದಳು. ನಿಯಮವೂ ಟಿಪ್ಪಣಿಯೂ ನನ್ನ ತಲೆಯಿಂದ ಎತ್ತಲೋ ಹೋದುವು. ಅಷ್ಟು ಸಲ ಪಾಠ ಹೇಳಿದ ಗ್ರಂಥದಲ್ಲಿ ಆ ಮಗು ಇದ್ದುದನ್ನು ನಾನು ಕಂಡುದು ಆ ಸಂಜೆಯೇ.

ಚಲಚ್ಚಿತ್ರಗಳ ವಿಷಯದಲ್ಲಿ ನನ್ನ ಅಜ್ಞಾನವು ಇನ್ನೂ ದೊಡ್ಡದು. ದೂರದರ್ಶನದಲ್ಲಿ ಬರುವ ಭಕ್ತಿಚಿತ್ರಗಳನ್ನು ಬಿಟ್ಟು ಬೇರೊಂದನ್ನು ನಾನು ಅರಿಯೆನು. ಅಲ್ಲಿ ಸತ್ಯಜಿತ್ ರಾಯರು 1955ರಲ್ಲಿ ಹೊರತಂದ ಪಥೇರ್ ಪಾಂಚಾಲಿಯನ್ನು ತೋರಿಸಿದರು. ಬಂಗಾಳದ ಬಡ ಪುರೋಹಿತನೊಬ್ಬನ ಮನೆಯ ಕಥೆಯದು. ಮಗಳು ದುರ್ಗೆಯು ನೆರೆಮನೆಯ ಮಣಿಸರವನ್ನು ಕದ್ದಳೆಂದು ಮಾತು ಬರುವುದು, ಅವಳು ಇಲ್ಲವೆನ್ನುವಳು, ತಾಯಿ ಅವಮಾನ ತಾಳದೆ ಅವಳನ್ನು ಹೊಡೆದು ಹೊರಗೆ ಎಳೆದು ಹಾಕುವಳು. ಮುಂದೆ ದುರ್ಗೆಯು ಮಳೆಯಲ್ಲಿ ನೆನೆದು ಜ್ವರ ಬಂದು ತೀರಿಕೊಳ್ಳುವಳು. ಪರಸ್ಥಳಕ್ಕೆ ಹೋಗಿದ್ದ ತಂದೆ ಇದನ್ನರಿಯದೆ ಮಗಳಿಗೆಂದು ಸೀರೆಯನ್ನು ತಂದು ತೋರಿಸುವನು. ತಾಯಿ ಬಾಯಿ ತೆರೆದು ಅಳುವಳು. ಆದರೆ ನಮಗೆ ಅವಳ ಧ್ವನಿ ಕೇಳಿಸುವುದಿಲ್ಲ, ಅದರ ಸ್ಥಾನದಲ್ಲಿ ಒಂದು ವಾದ್ಯದ ಸ್ವರ ಮಾತ್ರ ಕೇಳಿಸುವುದು. ಕೊನೆಗೆ ಮನೆಯನ್ನು ಬಿಟ್ಟು ಹೊರಡುವಾಗ ತಮ್ಮ ಅಪುವಿಗೆ ಆ ಮಣಿಸರವು ಸಿಕ್ಕುವುದು. ಅಕ್ಕ ಕದ್ದುದು ನಿಜ. ಅವನು ಯಾರಿಗೂ ಹೇಳದೆ ಅದನ್ನು ಕೆರೆಗೆ ಎಸೆಯುವನು. ನೀರಿನ ಮೇಲಿನ ಪಾಚಿ ಒಮ್ಮೆ ಸರಿದು ಮತ್ತೆ ಕೂಡಿಕೊಳ್ಳುವುದು. ಕತ್ತಲೆಯಿದ್ದುದು ಒಳ್ಳೆಯದಾಯಿತು, ನನ್ನ ಉತ್ತರೀಯವು ತೊಯ್ದುದನ್ನು ಯಾರೂ ನೋಡಲಿಲ್ಲ. ಅದು ಶೋಕವೋ ಕರುಣರಸವೋ ಎಂದು ನನ್ನನ್ನು ಕೇಳಿದ್ದರೆ ಆ ಗಳಿಗೆಯಲ್ಲಿ ನಾನೂ ಹೇಳಲಾರದೆ ಹೋಗುತ್ತಿದ್ದೆನು.

ಮರುದಿನದ ಮಾತುಕತೆಯೇ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದುದು. ಅಪು ಮಾಡಿದುದು ಸರಿಯೇ ಎಂದು ಒಬ್ಬರು ಕೇಳಿದರು. ಸತ್ಯವನ್ನು ಮುಚ್ಚಿದನೆಂದು ಒಬ್ಬ ತರುಣನು; ಸತ್ತವಳ ಮಾನವನ್ನು ಕಾಯ್ದನೆಂದು ಮತ್ತೊಬ್ಬಳು. ಅಡಕೆಯ ತೋಟದ ಹಿರಿಯರೊಬ್ಬರು, “ತಾಯಿ ಹೊಡೆದದ್ದು ತಪ್ಪಲ್ಲ ಎಂದು ಈಗ ಗೊತ್ತಾಯಿತು; ಆದರೂ ನನಗೆ ತಾಯಿಯ ಮೇಲಿನ ಸಿಟ್ಟು ಇಳಿಯಲಿಲ್ಲ, ಅದು ಯಾಕೆ?” ಎಂದು ಕೇಳಿ ಕುಳಿತುಬಿಟ್ಟರು. ಉತ್ತರವನ್ನು ಯಾರೂ ಕೊಡಲಿಲ್ಲ. ಒಂದು ಗಂಟೆಯಾದರೂ ಆ ಮಾತು ನಡೆಯಿತು. ನಾನು ಬಾಯಿ ತೆರೆಯಲಿಲ್ಲ.

ಈ ಹಳ್ಳಿಗರಿಗೆ ಇಂಥ ನೋಟ ಒಂದು ದಿನದಲ್ಲಿ ಬಂದುದಲ್ಲ. ಪುಣೆಯ ಚಲಚ್ಚಿತ್ರಶಾಲೆಯಲ್ಲಿ ರಸಗ್ರಹಣವನ್ನು ಬೋಧಿಸುತ್ತಿದ್ದ ಸತೀಶ್ ಬಹಾದೂರರು ಹೆಗ್ಗೋಡಿಗೆ ಬಂದು ಪಾಠ ಹೇಳಿದರು. ಅದೇ ಊರಿನ ಚಲಚ್ಚಿತ್ರ ಭಂಡಾರವನ್ನು ಕಟ್ಟಿದ ಪಿ. ಕೆ. ನಾಯರರು ಜಗತ್ತಿನ ಉತ್ತಮ ಚಿತ್ರಗಳು ಇಂಥ ಊರುಗಳಿಗೂ ತಲಪುವಂತೆ ನೆರವಾದರು. ನಾಯರರನ್ನು ಕುರಿತು 2012ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ, ತಾವು ನೋಡಿದ ದೇಶವಿದೇಶದ ಚಿತ್ರಗಳನ್ನು ಕುರಿತು ಹೆಗ್ಗೋಡಿನವರೇ ಮಾತನಾಡಿರುವರು. ತೋರಿಸಿದರು, ಮಾತನಾಡಿಸಿದರು, ಮತ್ತೆ ತೋರಿಸಿದರು, ವರ್ಷಗಟ್ಟಲೆ.

ಈಗ ನಮ್ಮ ವಿಷಯಕ್ಕೆ ಬರುವೆನು. ನಾಟಕವು ಮಠಕ್ಕೆ ಹೊರಗಿನದೆಂದು ಹೇಳುವ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಕಲ್ಯಾಣದ ಶರಣರಲ್ಲಿ ಬಹುರೂಪಿ ಚೌಡಯ್ಯನವರು ವೇಷ ಕಟ್ಟಿ ಬದುಕಿದವರು; ನಗೆಯ ಮಾರಿತಂದೆಗಳು ನಗಿಸುವುದನ್ನೇ ಕಾಯಕ ಮಾಡಿಕೊಂಡವರು. ಅವರ ವಚನಗಳನ್ನು ನಾವು ಓದುವೆವು, ಅವರ ಕಾಯಕವನ್ನು ಮಾತ್ರ ಬಾಗಿಲಾಚೆ ನಿಲ್ಲಿಸುವೆವು. ಏಣಗಿ ಬಾಳಪ್ಪನವರು ಬಸವಣ್ಣನವರ ಪಾತ್ರದಲ್ಲಿ ರಂಗಕ್ಕೆ ಬಂದಾಗ ಕೈಮುಗಿದವರು ನಿಮ್ಮಲ್ಲಿಯೇ ಇರಬಹುದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶ್ರೀಮಠದವರು 1997ರಿಂದ ಶಿವಸಂಚಾರವೆಂಬ ನಾಟಕಮೇಳವನ್ನೇ ನಾಡಿನಲ್ಲಿ ಸಂಚರಿಸಲು ಕಳುಹಿಸಿರುವರು. ಅದರಿಂದ ಆ ಮಠದ ಗೌರವಕ್ಕೆ ಕುಂದೇನೂ ಬರಲಿಲ್ಲ. ಹುಡುಗರು ಕೆಡುವರೆಂಬ ಅಂಜಿಕೆಯೂ ಇದೆ. ಇಂದು ಪ್ರತಿಯೊಬ್ಬ ಹುಡುಗನ ಅಂಗೈಯಲ್ಲಿಯೂ ಮೊಬೈಲು ಇದೆ. ಅವನು ರಾತ್ರಿ ಏನನ್ನು ನೋಡುವನೆಂಬುದನ್ನು ನಾವು ಅರಿಯೆವು. ನೋಡಿದುದನ್ನು ಕುರಿತು ಅವನೊಡನೆ ಮಾತನಾಡುವವರೂ ಇಲ್ಲ. ಹಾರಲು ಈಗ ಗೋಡೆಯೇ ಇಲ್ಲ.

ಆದರೆ ಬೇಕೆನ್ನುವವರಿಗೂ ಒಂದು ಮಾತು. ಏಳು ಸಂಜೆ ದೀಪ ಹಾಕಿ, ಆಟ ಆಡಿಸಿ, ಹಾರ ತುರಾಯಿ ಹಾಕಿ, ಜನರನ್ನು ಮನೆಗೆ ಕಳುಹಿಸುವುದಾದರೆ ಅದು ಜಾತ್ರೆಯ ಇನ್ನೊಂದು ಅಂಗಡಿಯಾಗುವುದು. ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಪ್ರತಿದಿನ ಬೆಳಗ್ಗೆ ಪ್ರಸಾದವಾದ ಬಳಿಕ ದಾಸೋಹದ ಪಡಸಾಲೆಯಲ್ಲಿ ಒಂದು ಗಂಟೆ ಗೋಷ್ಠಿ ನಡೆಯಬೇಕು. ವೇದಿಕೆಯೂ ಬೇಡ, ಧ್ವನಿವರ್ಧಕವೂ ಬೇಡ. ಹಿಂದಿನ ಸಂಜೆ ನೋಡಿದವರು, ಹೆಂಗಸರು ಹುಡುಗರು ಸಹಿತವಾಗಿ, ತಮಗೆ ಕಂಡುದನ್ನು ಹೇಳಬೇಕು. ಪಂಡಿತರು ಕೊನೆಯಲ್ಲಿ ಮಾತನಾಡಬೇಕು, ಇಲ್ಲವೆ ಸುಮ್ಮನಿರಬೇಕು. ಮಾತಿನಲ್ಲಿ ಒರೆಗೆ ಹಚ್ಚಿ ನೋಡುವುದು ಅನುಭವಮಂಟಪದ ಮನೆತನದವರಾದ ನಮಗೆ ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ. ಚಿತ್ರಗಳು ಏಳು ದಿನಕ್ಕೆ ಎರಡು ಸಾಕು. ಬೇರೆ ಭಾಷೆಯವಕ್ಕೆ ಮೊದಲೇ ಕನ್ನಡದಲ್ಲಿ ಕಥೆಯನ್ನು ಹೇಳಿಬಿಡಬೇಕು. ಓದಲು ಬಾರದ ತಾಯಂದಿರಿಗೆ ಪರದೆಯ ಕೆಳಗಿನ ಅಕ್ಷರಗಳಿಂದ ಪ್ರಯೋಜನವಿಲ್ಲ.

ಶ್ರೀಗಳವರು ಇದಕ್ಕೆ ಅಪ್ಪಣೆ ಕೊಡಿಸುವುದಾದರೆ ಗೋಷ್ಠಿಯ ವ್ಯವಸ್ಥೆಯನ್ನು ನಾನು ವಹಿಸಿಕೊಳ್ಳುವೆನು. ಆ ಪಾಠಶಾಲೆಯ ಹಳೆಯ ದಾಖಲೆಯಿಂದ ಆ ಹುಡುಗನ ಊರಿನ ವಿಳಾಸವನ್ನು ತರಿಸಿಕೊಂಡು ಹೋದ ತಿಂಗಳು ಕಾಗದ ಬರೆದಿದ್ದೇನೆ. ಅವನು ಕೇಳಿದ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರವನ್ನು ನಾಲ್ಕು ಪುಟಗಳಲ್ಲಿ ಬರೆದು, ಆ ಏಳು ದಿನಗಳಲ್ಲಿ ಒಂದು ದಿನವಾದರೂ ಬಂದುಹೋಗೆಂದು ಕೇಳಿಕೊಂಡಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.