ಜೋಗದಿಂದ ಬಿದ್ದ ಒಂದು ಟ್ಯಾಂಕ್ ನೀರು



ನಿಮ್ಮ ತಾರಸಿಯ ಮೇಲಿರುವ ಕಪ್ಪು ನೀರಿನ ಟ್ಯಾಂಕನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಸಾವಿರ ಲೀಟರಿನದು. ತುಂಬಿದ್ದಾಗ ನೀರೇ ಒಂದು ಟನ್ ತೂಗುತ್ತದೆ. ಆ ಅಷ್ಟೂ ನೀರನ್ನು ಜೋಗದ ನೆತ್ತಿಗೆ ಒಯ್ದು, 253 ಮೀಟರ್ ಕೆಳಗೆ ಧುಮುಕಿಸಿ, ತಳದಲ್ಲಿ ಒಳ್ಳೆಯ ಟರ್ಬೈನ್ ಒಂದನ್ನು ಕೂರಿಸಿ ಕರೆಂಟ್ ತೆಗೆದೆವು ಅಂತಿಟ್ಟುಕೊಳ್ಳಿ. ಎಷ್ಟು ಸಿಕ್ಕೀತು?

ಸುಮಾರು 0.6 ಯೂನಿಟ್. ಎರಡು ಕಿಲೋವಾಟಿನ ಗೀಸರ್ ಹದಿನೆಂಟು ನಿಮಿಷ ನಡೆಯುವಷ್ಟು. ಅಷ್ಟೇ.

ಈಗ ಒಂದು ಲೀಟರ್ ಡೀಸೆಲ್ ತಗೊಳ್ಳಿ. ಅದರೊಳಗೆ ಸುಮಾರು 10 ಯೂನಿಟ್‌ನಷ್ಟು ಶಾಖ ಅಡಗಿದೆ. ಜೋಗದಿಂದ ಹದಿನಾರು ಟ್ಯಾಂಕ್ ನೀರು ಬೀಳಿಸಿದರೂ ಅಷ್ಟಾಗದು. ಬಾಟಲಿಯಲ್ಲಿ ಹಿಡಿಸುತ್ತದೆ, ಕೈಯಲ್ಲಿ ಹಿಡಿದುಕೊಂಡು ಗದ್ದೆಗೆ ಹೋಗಬಹುದು, ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೂ ಬೇಕಾದ ದಿನಕ್ಕಾಗಿ ಕಾಯುತ್ತದೆ.

ಈ ‘ಕಾಯುತ್ತದೆ’ ಅನ್ನುವ ಮಾತನ್ನು ಹಿಡಿದಿಟ್ಟುಕೊಳ್ಳಿ. ಕಲ್ಲಿದ್ದಲು ಕಾಯುತ್ತದೆ, ಎಣ್ಣೆ ಕಾಯುತ್ತದೆ. ಬಿಸಿಲು ಕಾಯುವುದಿಲ್ಲ, ಗಾಳಿ ಕಾಯುವುದಿಲ್ಲ. ಪಳೆಯುಳಿಕೆ ಇಂಧನದ ಜಾಗಕ್ಕೆ ಯಾವುದು ಬರಬೇಕು ಎಂಬ ಮಾತು ಬಂದಾಗಲೆಲ್ಲ ನಾವು ಮೊದಲು ಕೇಳುವುದು ಯೂನಿಟ್ಟಿಗೆ ಎಷ್ಟು ರೂಪಾಯಿ ಅಂತ. ಅದೊಂದೇ ಲೆಕ್ಕವಾಗಿದ್ದರೆ ಚರ್ಚೆ ಯಾವತ್ತೋ ಮುಗಿಯುತ್ತಿತ್ತು. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ ಸೌರ ವಿದ್ಯುತ್ ಯೂನಿಟ್ಟಿಗೆ 1.99 ರೂಪಾಯಿಗೆ ಇಳಿದಿತ್ತು. ಆದರೂ ರಾಯಚೂರಿನ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲಿನ ರೈಲು ಬರುತ್ತಲೇ ಇದೆ. ಯಾಕೆ ಅಂತ ತಿಳಿಯಬೇಕಾದರೆ ಇನ್ನೆರಡು ಪ್ರಶ್ನೆ ಕೇಳಬೇಕು. ಯಾವ ಹೊತ್ತಿಗೆ ಸಿಗುತ್ತದೆ? ಯಾರ ನೆಲದಿಂದ ಬರುತ್ತದೆ?

ಈ ಎರಡಕ್ಕೂ ಉತ್ತರ ಹುಡುಕಲು ಕರ್ನಾಟಕದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ. ನಮ್ಮ ನೆಲದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ಹಾಗಾಗಿ ಇಡೀ ದೇಶ ಇವತ್ತು ಪರ್ಯಾಯ ಅಂತ ಕರೆಯುವುದು ನಮ್ಮಲ್ಲಿ ಮೊದಲೇ ಬಂತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ತೆಗೆದ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗೆ ತಲುಪಿತು. ಆಮೇಲೆ ಜೋಗ, ಆಮೇಲೆ ಲಿಂಗನಮಕ್ಕಿ. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಶುರುವಾಗುವವರೆಗೂ ನಾಡಿನ ದೀಪಗಳು ಬಹುಮಟ್ಟಿಗೆ ಉರಿದದ್ದು ನೀರಿನಿಂದಲೇ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕತ್ತಲಾಗುತ್ತಿತ್ತು. ಆ ಕತ್ತಲೇ ಕಲ್ಲಿದ್ದಲನ್ನು ಕರೆತಂದದ್ದು.

ಕಲ್ಲಿದ್ದಲಿನ ಹೊಟ್ಟೆ ಎಷ್ಟು ದೊಡ್ಡದು ನೋಡಿ. ನಮ್ಮ ದೇಶದ ಬೂದಿ ಹೆಚ್ಚಿರುವ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ಟಿಗೆ ಹತ್ತಿರ ಹತ್ತಿರ ಮುಕ್ಕಾಲು ಕಿಲೋ ಬೇಕು. 210 ಮೆಗಾವಾಟಿನ ಒಂದು ಘಟಕ ಪೂರ್ತಿ ಓಡಿದರೆ ಗಂಟೆಗೆ ನೂರೈವತ್ತು ಟನ್ನಿಗೂ ಮೇಲೆ, ಅಂದರೆ ಎರಡೂವರೆ ವ್ಯಾಗನ್. ಇನ್ನು ಹೊಗೆ. 2014ರ ಐಪಿಸಿಸಿ ವರದಿ ಕಟ್ಟುವುದರಿಂದ ಕೆಡವುವವರೆಗಿನದನ್ನೆಲ್ಲ ಸೇರಿಸಿ ಲೆಕ್ಕ ಹಾಕಿತ್ತು: ಒಂದು ಯೂನಿಟ್ಟಿಗೆ ಕಲ್ಲಿದ್ದಲಿನಿಂದ 820 ಗ್ರಾಂ ಇಂಗಾಲದ ಡೈಆಕ್ಸೈಡ್‌ನಷ್ಟು ಹೊರೆ, ದೊಡ್ಡ ಸೌರ ಸ್ಥಾವರದಿಂದ 48, ನೀರಿನಿಂದ 24, ಅಣುವಿನಿಂದ 12, ಗಾಳಿಯಿಂದ 11. ಇಷ್ಟಿದ್ದ ಮೇಲೆ ಕಲ್ಲಿದ್ದಲು ಹೋಗಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬಿಟ್ಟುಹೋಗುವ ಜಾಗ ದಿನದ ಯಾವ ಹೊತ್ತಿನದು?

ಪಾವಗಡಕ್ಕೆ ಬನ್ನಿ. ತುಮಕೂರು ಜಿಲ್ಲೆಯ ಈ ತಾಲ್ಲೂಕಿಗೆ ಮೂರು ಕಡೆ ಆಂಧ್ರ, ಮೇಲೆ ಸುಡುಬಿಸಿಲು. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಾ ಕೂತ ಊರುಗಳು. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ 13,000 ಎಕರೆಯಲ್ಲಿ ಇವತ್ತು 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಇಲ್ಲಿ ನನಗೆ ಹಿಡಿಸಿದ್ದು ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು. ಪಹಣಿ ರೈತನ ಹೆಸರಲ್ಲೇ ಉಳಿಯಿತು. ಮಳೆ ಬರಲಿ ಬಿಡಲಿ, ಹಣ ಬರುತ್ತದೆ. ಆದರೆ ಪಹಣಿ ಇಲ್ಲದವರ ಮಾತೇನು? ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಹೋಗುತ್ತಿದ್ದ ಕೂಲಿ ಹೆಂಗಸರಿಗೆ ಆ ಹೊಲಗಳಲ್ಲಿ ಈಗ ಕೆಲಸವಿಲ್ಲ, ಕುರಿಗಾಹಿಗೆ ಆ ಬಯಲಿಲ್ಲ. ಅವರಿಗೆ ಗುತ್ತಿಗೆಯ ಹಣದಲ್ಲಿ ಪಾಲೂ ಇಲ್ಲ. ಮುಂದಿನ ಸೌರ ಪಾರ್ಕಿನ ಒಪ್ಪಂದ ಬರೆಯುವವರು ಮೊದಲ ಪುಟದಲ್ಲೇ ಇವರನ್ನು ಬರೆಯಬೇಕು.

ಹೊತ್ತಿನ ವಿಷಯಕ್ಕೆ ಬರೋಣ. ಮಧ್ಯಾಹ್ನ ಹನ್ನೆರಡಕ್ಕೆ ಪಾವಗಡದ ಹಲಗೆಗಳು ತುಂಬಿ ತುಳುಕುತ್ತವೆ. ಸಂಜೆ ನಾಲ್ಕಕ್ಕೆ ಇಳಿಯತೊಡಗುತ್ತದೆ. ಏಳು ಗಂಟೆಗೆ ಸೊನ್ನೆ. ನಮ್ಮ ಮನೆಗಳಲ್ಲಿ ದೀಪ, ಟಿವಿ, ಮಿಕ್ಸಿ ಎಲ್ಲ ಒಟ್ಟಿಗೆ ಹತ್ತುವುದು ಅದೇ ಏಳಕ್ಕೆ. ಮಧ್ಯಾಹ್ನದ ಯೂನಿಟ್ಟೂ ಸಂಜೆಯ ಯೂನಿಟ್ಟೂ ಮೀಟರಿನಲ್ಲಿ ಒಂದೇ ಥರ ಕಂಡರೂ ಅವೆರಡೂ ಬೇರೆ ಬೇರೆ ಸರಕು.

ಗಾಳಿಗೆ ಬೇರೆಯದೇ ಪಂಚಾಂಗ. ಗಾಳಿ ಬಂದಾಗ ತೂರಿಕೋ ಅಂತ ನಮ್ಮ ಹಿರಿಯರು ಕಣದಲ್ಲಿ ನಿಂತು ಹೇಳಿದ್ದು. ಗದಗಿನ ಕಪ್ಪತಗುಡ್ಡದ ಕಡೆ, ಚಿತ್ರದುರ್ಗದ ಜೋಗಿಮಟ್ಟಿಯ ಮೇಲೆ ತಿರುಗುವ ರೆಕ್ಕೆಗಳಿಗೂ ಆ ಮಾತು ಅಕ್ಷರಶಃ ಸಲ್ಲುತ್ತದೆ. ಊರಿನವರು ಅವನ್ನು ಫ್ಯಾನು ಅನ್ನುತ್ತಾರೆ. ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ತಿರುಗಿಸಿ ಹೇಳುವುದಾದರೆ, ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಪಾಲಿಗೆ ಬೀಳುತ್ತದೆ. ಅದಕ್ಕೇ ಆಷಾಢದಲ್ಲಿ ಹಬ್ಬ, ಚಳಿಗಾಲದಲ್ಲಿ ಉಪವಾಸ. ಆದರೆ ಒಂದು ಚಂದ ನೋಡಿ. ಮುಂಗಾರಿನ ಮೋಡ ಕವಿದು ಸೌರ ಹಲಗೆ ಸೊರಗುವ ತಿಂಗಳುಗಳಲ್ಲೇ ಗಾಳಿ ಜೋರಾಗುತ್ತದೆ, ಅದೂ ರಾತ್ರಿಯೆಲ್ಲ. ಬಿಸಿಲೋ ಗಾಳಿಯೋ ಅಂತ ಜಗಳ ಹಚ್ಚುವವರು ಈ ಜೋಡಿಯನ್ನು ನೋಡಿಲ್ಲ.

ಕೈಗಾ? ಕಾಳಿ ನದಿಯ ದಂಡೆಯಲ್ಲಿ 220 ಮೆಗಾವಾಟಿನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ಆಗ ವಿಶ್ವದಾಖಲೆ ಮಾಡಿತು. ಹಗಲು ರಾತ್ರಿ, ಮಳೆ ಬಿಸಿಲು ಅನ್ನದೆ ಎರಡೂವರೆ ವರ್ಷಕ್ಕೂ ಹೆಚ್ಚು! ಹೊತ್ತಿನ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ಇಲ್ಲ. ಆದರೆ ಕಟ್ಟಲು ವರ್ಷಾನುಗಟ್ಟಲೆ ಹಿಡಿಯುತ್ತದೆ, ಸಾಲದ ಬಡ್ಡಿ ಬೆಳೆಯುತ್ತದೆ, ಉಳಿಯುವ ತ್ಯಾಜ್ಯವನ್ನು ಸಾವಿರಾರು ವರ್ಷ ಕಾಯಬೇಕು. ಹೊಸ ಸ್ಥಾವರಕ್ಕಾಗಿ ಕೈಕಟ್ಟಿ ಕೂರುವಷ್ಟು ಸಮಯ ನಮಗಿಲ್ಲ. ಇರುವುದನ್ನು ಮುಚ್ಚುವುದೂ ತಪ್ಪು ಅನ್ನುವುದು ನನ್ನ ನಿಲುವು.

ನೀರಿನ ಹತ್ತಿರ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಪೇಪರಿನಲ್ಲಿ ಮೊದಲು ಹುಡುಕುವುದು ಲಿಂಗನಮಕ್ಕಿಯ ಮಟ್ಟ. 1,819 ಅಡಿಗೆ ಇನ್ನೆಷ್ಟು ಬಾಕಿ? ಶರಾವತಿಯ 1,035 ಮೆಗಾವಾಟ್ ಕೆಲವೇ ನಿಮಿಷಗಳಲ್ಲಿ ಏಳುತ್ತದೆ, ಬೇಡವೆಂದರೆ ಮಲಗುತ್ತದೆ. ಅಂದರೆ ಈ ನೀರು ಕಲ್ಲಿದ್ದಲಿನಂತೆಯೇ ಕಾಯಬಲ್ಲದು. ಮಳೆ ಬಂದರೆ ಮಾತ್ರ. 2023ರಲ್ಲಿ ಮುಂಗಾರು ಕೈಕೊಟ್ಟು ಅಕ್ಟೋಬರಿನಲ್ಲಿ ನಾಡು ವಿದ್ಯುತ್ತಿಗಾಗಿ ಪರದಾಡಿದ್ದು ನಮಗೆಲ್ಲ ನೆನಪಿದೆ. ಬರ ಬಿದ್ದಾಗ ಜಲಾಶಯ ಖಾಲಿಯಾಗುತ್ತದೆ, ಅದೇ ಹೊತ್ತಿಗೆ ಪೈರು ಉಳಿಸಿಕೊಳ್ಳಲು ಪಂಪ್‌ಸೆಟ್‌ಗಳು ಹೆಚ್ಚು ಓಡುತ್ತವೆ. ಏಟು ಎರಡೂ ಕಡೆಯಿಂದ.

ಇನ್ನು ಆ ನೀರು ನಿಂತಿರುವ ನೆಲದ ಕಥೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರದ ಕಡೆಯ ಸಾವಿರಾರು ಕುಟುಂಬಗಳ ತೋಟ, ಗದ್ದೆ, ಮನೆ ಮುಳುಗಿದವು. ಮುಳುಗಡೆ ಸಂತ್ರಸ್ತರು ಅನ್ನುವ ಪದ ಅಲ್ಲಿ ಮೂರನೇ ತಲೆಮಾರಿಗೆ ಬಂದಿದೆ. ಹಕ್ಕುಪತ್ರಕ್ಕಾಗಿ ಅರ್ಜಿ ಹಿಡಿದವರು ಇನ್ನೂ ಇದ್ದಾರೆ. ಹಿನ್ನೀರಿನ ಆಚೆ ಉಳಿದ ಊರಿನವರು ಆಸ್ಪತ್ರೆಗೂ ಲಾಂಚ್ ಹತ್ತಿಯೇ ಬರಬೇಕಿತ್ತು. ಸಿಗಂದೂರಿನ ಸೇತುವೆ ಉದ್ಘಾಟನೆಯಾದದ್ದು 2025ರಲ್ಲಿ. ನಾಡಿಗೆ ಬೆಳಕು ಕೊಟ್ಟವರು ಒಂದು ಸೇತುವೆಗಾಗಿ ಅರವತ್ತು ವರ್ಷ ಕಾದರು. ಜಲವಿದ್ಯುತ್ ಅಗ್ಗ ಅಂತ ಯಾರಾದರೂ ಹೇಳಿದಾಗ ನನಗೆ ಈ ಅರವತ್ತು ವರ್ಷ ನೆನಪಾಗುತ್ತದೆ.

ಈಗ ಅದೇ ಕಣಿವೆಗೆ ಹೊಸದೊಂದು ಯೋಜನೆ ಬಂದಿದೆ. ಮಧ್ಯಾಹ್ನದ ಹೆಚ್ಚುವರಿ ಕರೆಂಟಿನಿಂದ ಗೇರುಸೊಪ್ಪೆಯ ನೀರನ್ನು ಮೇಲೆ ತಲಕಳಲೆಗೆ ಎತ್ತುವುದು, ಸಂಜೆ ಅದೇ ನೀರನ್ನು ಕೆಳಗೆ ಬಿಟ್ಟು 2,000 ಮೆಗಾವಾಟ್ ಪಡೆಯುವುದು. ನೂರು ಯೂನಿಟ್ ಖರ್ಚು ಮಾಡಿ ಎತ್ತಿದರೆ ಎಪ್ಪತ್ತೈದೋ ಎಂಬತ್ತೋ ವಾಪಸ್ ಬರುತ್ತದೆ. ಕಾಯದ ಬಿಸಿಲನ್ನು ಕಾಯಿಸುವ ಉಪಾಯ ಇದು. ಉಪಾಯ ನಿಜಕ್ಕೂ ಒಳ್ಳೆಯದು. ಜಾಗ ಒಳ್ಳೆಯದಲ್ಲ. ಅದು ಸಿಂಗಳೀಕಗಳ ಅಭಯಾರಣ್ಯ. ಕೊಂಬೆಯಿಂದ ಕೊಂಬೆಗೆ ಹೋಗುವ ಆ ಪ್ರಾಣಿಗೆ ಕಾಡಿನ ನೆತ್ತಿಯಲ್ಲಿ ಒಂದು ರಸ್ತೆಯಷ್ಟು ಸೀಳು ಬಿದ್ದರೂ ಕುಟುಂಬವೇ ಎರಡಾಗಬಹುದು. ನೆರೆಯ ಕರ್ನೂಲು ಸೀಮೆಯ ಪಿನ್ನಾಪುರಂನಲ್ಲಿ ನದಿಯ ಹರಿವಿಗೆ ಕೈಹಾಕದೆ, ಬಯಲುಸೀಮೆಯ ಗುಡ್ಡದಲ್ಲಿ ಇಂಥದೇ ಸ್ಥಾವರ ಕಟ್ಟಿದ್ದಾರೆ. ನಮ್ಮ ಬಯಲುಸೀಮೆಯಲ್ಲಿ ಗುಡ್ಡಗಳಿಗೇನು ಬರವೇ? ಬ್ಯಾಟರಿಯ ಬೆಲೆಯೂ 2010ರಿಂದ ಈಚೆಗೆ ಹತ್ತರಲ್ಲಿ ಒಂಬತ್ತು ಪಾಲು ಇಳಿದಿದೆ. ಎರಡು ನಾಲ್ಕು ಗಂಟೆಯ ಸಂಜೆಯ ಹೊರೆ ಹೊರಲು ಅದು ಸಾಕು. ಆದರೆ ಬೇಸಿಗೆಯ ಬಿಸಿಲನ್ನು ಬ್ಯಾಟರಿಯಲ್ಲಿ ತುಂಬಿ ಮಳೆಗಾಲಕ್ಕೆ ಇಡಲಾಗದು.

ಡೀಸೆಲ್‌ಗೆ ಹಿಂತಿರುಗುತ್ತೇನೆ, ಅಲ್ಲೊಂದು ಸಮಾಧಾನದ ಸುದ್ದಿ ಇದೆ. ಆ ಲೀಟರಿನ 10 ಯೂನಿಟ್ ಶಾಖದಲ್ಲಿ ಗಾಲಿಗೆ ತಲುಪುವುದು ಮೂರೋ ನಾಲ್ಕೋ. ಉಳಿದದ್ದು ಎಂಜಿನ್ನಿನ ಬಿಸಿಯಾಗಿ, ಹೊಗೆಯಾಗಿ ಹೋಗುತ್ತದೆ. ವಿದ್ಯುತ್ ಮೋಟಾರು ಕೊಟ್ಟದ್ದರಲ್ಲಿ ಬಹುಪಾಲನ್ನು ಕೆಲಸಕ್ಕೆ ಹಾಕುತ್ತದೆ. ಹಾಗಾಗಿ ಹತ್ತರ ಜಾಗಕ್ಕೆ ಹತ್ತು ಹುಡುಕಬೇಕಿಲ್ಲ, ನಾಲ್ಕು ಸಾಕು. ಎಲ್ಲ ಕಡೆಯೂ ಇಷ್ಟು ಸಲೀಸಲ್ಲ. ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಕಲ್ಲಿದ್ದಲು ಬೇಕಿರುವುದು ಶಾಖಕ್ಕೆ ಮಾತ್ರವಲ್ಲ, ಅದಿರಿನಿಂದ ಆಮ್ಲಜನಕ ಬಿಡಿಸಲಿಕ್ಕೂ. ಆ ಕೆಲಸಕ್ಕೆ ಕಲ್ಲಿದ್ದಲಿನ ಬದಲು ಹೈಡ್ರೋಜನ್ ಬರುವುದು ನಿಧಾನ.

ಈ ಲೆಕ್ಕವನ್ನೇ ಇನ್ನೊಂದು ತುದಿಯಿಂದ ನೋಡಿದ ಅಮೂಲ್ಯ ರೆಡ್ಡಿ ಎಂಬ ವಿಜ್ಞಾನಿ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುವ ಅಸ್ತ್ರ ಕೇಂದ್ರ ಶುರುಮಾಡಿದವರು. ಸೌದೆ ಉಳಿಸುವ ಅಸ್ತ್ರ ಒಲೆ ಬಂದದ್ದು ಅಲ್ಲಿಂದಲೇ. ಅವರು ಬಿಡದೆ ಹೇಳುತ್ತಿದ್ದದ್ದು ಒಂದೇ: ಜನಕ್ಕೆ ಬೇಕಿರುವುದು ಕಿಲೋವಾಟ್ ಅಲ್ಲ, ಬೆಂದ ಅನ್ನ, ಬಿಸಿನೀರು, ಬೆಳಕು, ಹೊಲಕ್ಕೆ ನೀರು, ಮೊದಲು ಆ ಕೆಲಸ ಏನೆಂದು ನೋಡಿ, ಆಮೇಲೆ ಶಕ್ತಿ ಹುಡುಕಿ.

ಹೊಲದ ನೀರನ್ನೇ ತಗೊಳ್ಳಿ. ಮೊನ್ನೆ ಮೊನ್ನೆಯವರೆಗೂ ಅನೇಕ ಕಡೆ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದು ರಾತ್ರಿ. ಟಾರ್ಚ್ ಹಿಡಿದು, ಬದುವಿನ ಮೇಲೆ ಹಾವಿನ ಭಯದಲ್ಲಿ ಕಾಲಿಟ್ಟು ಸ್ಟಾರ್ಟರ್ ಒತ್ತಿದವರೆಷ್ಟು ಜನ! ಬೆಳೆಗೆ ನೀರು ಮಧ್ಯಾಹ್ನ ಬಿದ್ದರೂ ಆದೀತು, ರಾತ್ರಿಯೇ ಬೀಳಬೇಕೆಂದಿಲ್ಲ. ಬಿಸಿಲಿನ ಹೊತ್ತಿಗೆ ಪಂಪ್‌ಸೆಟ್ಟನ್ನು ತಂದರೆ ಬ್ಯಾಟರಿಯೂ ಬೇಡ, ಅಣೆಕಟ್ಟೂ ಬೇಡ. ಬಾವಿಯಿಂದ ಮೇಲೆ ಬಂದ ನೀರೇ ಸಂಗ್ರಹವಾದ ಬಿಸಿಲು. ನನ್ನ ಲೆಕ್ಕದಲ್ಲಿ ಕರ್ನಾಟಕದಲ್ಲಿ ಸೌರಶಕ್ತಿಯ ಅತಿ ದೊಡ್ಡ ಗೆಲುವು ಇದೇ ಆಗಬೇಕು.

ಹಾಗೇ ಸ್ನಾನದ ನೀರು. ಇಪ್ಪತ್ತು ಲೀಟರಿನ ಒಂದು ಬಕೆಟ್ ತಣ್ಣೀರನ್ನು ಇಪ್ಪತ್ತು ಡಿಗ್ರಿ ಬಿಸಿ ಮಾಡಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. ಜೋಗದಿಂದ ಬಿದ್ದ ಆ ಒಂದು ಟ್ಯಾಂಕ್ ಹೆಚ್ಚುಕಡಿಮೆ ಒಬ್ಬರ ಸ್ನಾನಕ್ಕೆ ಸರಿಹೋಯಿತು. ಅದೇ 0.6 ಯೂನಿಟ್ಟಿನಲ್ಲಿ ಒಂಬತ್ತು ವಾಟಿನ ಎಲ್‌ಇಡಿ ಬಲ್ಬ್ ಎರಡೂವರೆ ದಿನಕ್ಕೂ ಹೆಚ್ಚು ಆರದೆ ಉರಿಯುತ್ತದೆ. ತಾರಸಿಯಲ್ಲಿ, ಆ ಕಪ್ಪು ಟ್ಯಾಂಕಿನ ಪಕ್ಕದಲ್ಲೇ, ಸೋಲಾರ್ ಹೀಟರ್ ಇರುವ ಮನೆಯವರಿಗೆ ಬಕೆಟ್ಟಿನ ಲೆಕ್ಕ ಬಿಸಿಲೇ ತೀರಿಸುತ್ತದೆ.

ಇವತ್ತು ಸಂಜೆ ಏಳಕ್ಕೆ ನಿಮ್ಮ ಮನೆಯ ಮೀಟರ್ ಹತ್ತಿರ ಹೋಗಿ ನಿಲ್ಲಿ. ಅದರಲ್ಲೊಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಅನೇಕ ಮೀಟರುಗಳ ಮೇಲೆ 3,200 ಅಂತ ಬರೆದಿರುತ್ತದೆ, ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ಮನೆಯಲ್ಲಿ ಬಲ್ಬ್ ಒಂದೇ ಉರಿಯುತ್ತಿದ್ದರೆ ಮುಂದಿನ ಮಿಣುಕಿಗೆ ಎರಡು ನಿಮಿಷ ಕಾಯಬೇಕು. ಗೀಸರ್ ಹಾಕಿ ನೋಡಿ, ಸೆಕೆಂಡಿಗೆ ಎರಡು ಸಲ ಬಡಿದುಕೊಳ್ಳುತ್ತದೆ. ಪಾವಗಡದಲ್ಲಿ ಅಷ್ಟು ಹೊತ್ತಿಗೆ ಕತ್ತಲಾಗಿರುತ್ತದೆ. ಶಕ್ತಿನಗರದಲ್ಲಿ ಇನ್ನೊಂದು ವ್ಯಾಗನ್ ಬಾಯಿ ಬಿಚ್ಚಿರುತ್ತದೆ.