ಹಳೆಯದರ ಪಕ್ಕದಲ್ಲಿ ಹೊಸದು
(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪೈಥಾನ್ ಎಂಬುದು ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆದುಕೊಡುವ ಭಾಷೆ. ಗೀಡೊ ವಾನ್ ರೋಸಮ್ ಎಂಬ ಡಚ್ ತಜ್ಞರು ಇದನ್ನು 1991ರಲ್ಲಿ ಮೊದಲು ಹೊರತಂದರು. ಭಾಷೆ ಬೆಳೆದಂತೆ ಅದರ ಆವೃತ್ತಿಗಳೂ ಬೆಳೆಯುತ್ತವೆ. ಉಬುಂಟು 22.04 ಎಂಬ ಕಾರ್ಯವ್ಯವಸ್ಥೆಯೊಡನೆ ಬರುವುದು ಪೈಥಾನ್ 3.10, ಅದಕ್ಕಿಂತ ಹೊಸದಾದ 3.12 ಹೊರಬಂದುದು 2023ರ ಅಕ್ಟೋಬರಿನಲ್ಲಿ. ಹೊಸದನ್ನು ಕಲಿಯುವ ಹಂಬಲ ಮಕ್ಕಳಲ್ಲಿ ಹುಟ್ಟುವುದು ಸಹಜ. ಅದನ್ನು ನಾವು ತಡೆಯಬಾರದು. ಆದರೆ ಹಳೆಯದನ್ನು ಕಿತ್ತುಹಾಕಿ ಆ ಸ್ಥಾನದಲ್ಲಿ ಹೊಸದನ್ನು ಇಡುವ ಆತುರ ಸಲ್ಲದು.

ಏಕೆಂದರೆ ಆ 3.10 ಕೇವಲ ನಮ್ಮ ಅಭ್ಯಾಸಕ್ಕಾಗಿ ಇಟ್ಟುದಲ್ಲ. ಕಾರ್ಯವ್ಯವಸ್ಥೆಯು ತನ್ನ ಎಷ್ಟೋ ಕೆಲಸಗಳಿಗೆ ಅದನ್ನೇ ನೆಚ್ಚಿಕೊಂಡಿದೆ. ಅದನ್ನು ತೆಗೆಯಹೊರಟರೆ, ಅದನ್ನು ಅವಲಂಬಿಸಿದ ತಂತ್ರಾಂಶಗಳೂ ಅದರ ಹಿಂದೆಯೇ ಹೊರಟುಹೋಗುವುವು. ‘ಪೈಥಾನ್3’ ಎಂಬ ವ್ಯವಸ್ಥೆಯ ಹೆಸರನ್ನು ಬಲವಂತದಿಂದ ಹೊಸದರ ಕಡೆಗೆ ತಿರುಗಿಸಿದರೆ, ಆಜ್ಞೆ ಬರೆಯುವ ಟರ್ಮಿನಲ್ಲೇ ತೆರೆಯದೆ ಹೋಗಬಹುದು. ಮನೆಯ ಒಂದೇ ಕಂಪ್ಯೂಟರು ಅಕ್ಕನ ಪಾಠಕ್ಕೂ ಬೇಕು, ತಂದೆಯವರ ಲೆಕ್ಕಪತ್ರಕ್ಕೂ ಬೇಕು. ಒಬ್ಬರ ಆತುರದಿಂದ ಎಲ್ಲರ ಕೆಲಸವೂ ನಿಲ್ಲಬಾರದಷ್ಟೆ.

ಹಾಗಾದರೆ ಮಾರ್ಗವೇನು? ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರಿದ್ದರೆ ನಾವು ಒಬ್ಬನನ್ನು ಹೊರಗೆ ಕಳುಹಿಸುವುದಿಲ್ಲ. ಇನಿಷಿಯಲ್ ಸೇರಿಸಿ ಕರೆಯುತ್ತೇವೆ. ಇಲ್ಲಿಯೂ ಅದೇ ಉಪಾಯ. ಪೈಥಾನಿನ ಅಧಿಕೃತ ಜಾಲತಾಣದಿಂದ 3.12ರ ಮೂಲಸಂಕೇತವನ್ನು ಪಡೆಯಬೇಕು. ಅದನ್ನು ಕಟ್ಟಲು ಬೇಕಾದ ಕಂಪೈಲರ್ ಮುಂತಾದವನ್ನು ಮೊದಲೇ ಹಾಕಿಕೊಂಡು, ‘ಕಾನ್ಫಿಗರ್’, ‘ಮೇಕ್’ ಎಂಬ ಆಜ್ಞೆಗಳಿಂದ ಸಿದ್ಧಗೊಳಿಸಬೇಕು. ಕೊನೆಯಲ್ಲಿ ‘ಮೇಕ್ ಇನ್‌ಸ್ಟಾಲ್’ ಎನ್ನದೆ ‘ಮೇಕ್ ಆಲ್ಟ್‌ಇನ್‌ಸ್ಟಾಲ್’ ಎನ್ನಬೇಕು. ಮೊದಲಿನದು ‘ಪೈಥಾನ್3’ ಎಂಬ ಹೆಸರನ್ನೂ ಹೊಸದಕ್ಕೆ ಕೊಡುವುದು. ಎರಡನೆಯದು ಆ ಹೆಸರನ್ನು ಮುಟ್ಟದೆ, ‘ಪೈಥಾನ್3.12’ ಎಂಬ ಪೂರ್ಣ ಹೆಸರಿನಿಂದಲೇ ಹೊಸದನ್ನು ನೆಲೆಗೊಳಿಸುವುದು.

ಅನಂತರ ಪ್ರತಿಯೊಂದು ಅಭ್ಯಾಸಕ್ಕೂ ‘ವೆನ್ವ್’ ಎಂಬ ಸಾಧನದಿಂದ ಬೇರೆ ಬೇರೆ ಕೋಣೆಗಳನ್ನು ಕಟ್ಟಿಕೊಳ್ಳಬಹುದು. ಒಂದು ಕೋಣೆಯಲ್ಲಿ ತಂದಿಟ್ಟ ಸಾಮಗ್ರಿ ಮತ್ತೊಂದನ್ನು ಕೆಡಿಸದು. ಬೇಡವಾದಾಗ ಆ ಕೋಣೆಯೊಂದನ್ನೇ ಅಳಿಸಿದರೆ ಸಾಕು.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ. ಈ ವಿದ್ಯೆ ನಮಗೆ ಬಾರದೆಂದು ತಾವು ದೂರ ನಿಲ್ಲಬೇಕಾಗಿಲ್ಲ. ಮಗು ಹೊಸದನ್ನು ಸ್ಥಾಪಿಸಿದೆನೆಂದು ಹೇಳಿದಾಗ, “ಹಳೆಯದು ಮೊದಲಿನಂತೆಯೇ ಇದೆಯೇ? ಎರಡನ್ನೂ ತೋರಿಸು” ಎಂದು ಕೇಳಿರಿ. ಎರಡು ಹೆಸರುಗಳಿಗೂ ‘ವರ್ಷನ್’ ಎಂಬ ಪ್ರಶ್ನೆಯನ್ನು ಹಾಕಿದರೆ, ಒಂದು 3.10 ಎಂದೂ ಇನ್ನೊಂದು 3.12 ಎಂದೂ ಉತ್ತರಿಸಬೇಕು. ಅಷ್ಟಾದರೆ ಕೆಲಸ ಸರಿಯಾಗಿದೆಯೆಂದು ತಿಳಿದು, ಮಗುವನ್ನು ಮುಂದಿನ ಅಭ್ಯಾಸಕ್ಕೆ ಕೂಡಿಸಿರಿ.